ಚನ್ನಪಟ್ಟಣದ ತಂತಿ, ಕ್ಯಾಂಟರ್‌ಬರಿಯ ಕೊರಳು

ಆಲ್ಫ್ರೆಡ್ ಡೆಲ್ಲರ್ ಹಾಡಿದ ಹದಿನೇಳನೇ ಶತಮಾನದ ಇಂಗ್ಲಿಷ್ ಹಾಡುಗಳನ್ನು ಮೊದಲ ಸಲ ಕೇಳುವವರಿಗೆ ಹಾಡುತ್ತಿರುವುದು ಗಂಡಸೋ ಹೆಂಗಸೋ ಎಂದು ಕೂಡಲೇ ಗೊತ್ತಾಗುವುದಿಲ್ಲ. ಮೊದಲು ಲ್ಯೂಟ್ ಎಂಬ ತಂತಿವಾದ್ಯ ನಾಲ್ಕಾರು ಸ್ವರ ಮೀಟುತ್ತದೆ. ಮೀಟಿದ ಗಳಿಗೆಯಿಂದಲೇ ಆ ಸ್ವರಗಳು ಆರತೊಡಗುತ್ತವೆ. ಪೂರ್ತಿ ಆರುವ ಮೊದಲು ಕೊರಳು ಬಂದು ಅವನ್ನು ಎತ್ತಿಕೊಳ್ಳುತ್ತದೆ. ಎತ್ತರದ ಕೊರಳು, ಆದರೆ ಚೂಪಾದದ್ದಲ್ಲ. ಹೆಣ್ಣುದನಿಯ ತುಂಬು ಅದಕ್ಕಿಲ್ಲ, ಎಳೆ ಹುಡುಗನ ದನಿಯ ಹಸಿತನವೂ ಇಲ್ಲ. ಒಂದು ಪದವನ್ನು ಹಿಡಿದರೆ ಅದರ ಕೊನೆಯ ಅಕ್ಷರದವರೆಗೂ ಕೈಹಿಡಿದು ನಡೆಸಿ ಬಿಡುತ್ತದೆ. ಆ ಕೊಠಡಿಯಲ್ಲಿ ಇರುವವರು ಇಬ್ಬರೇ, ಮೂರನೆಯ ಸದ್ದಿಗೆ ಅಲ್ಲಿ ಜಾಗವಿಲ್ಲ ಎಂಬುದು ಎರಡು ಸಾಲು ಮುಗಿಯುವಷ್ಟರಲ್ಲಿ ಕಿವಿಗೆ ಖಚಿತವಾಗುತ್ತದೆ. ಹಾಡುವವರು ಡೆಲ್ಲರ್, ಮೀಟುವವರು ಡೆಸ್ಮಂಡ್ ಡುಪ್ರೆ. ಹೆಚ್ಚುಕಡಿಮೆ ಪುಸ್ತಕದಲ್ಲೇ ಉಳಿದುಹೋಗಿದ್ದ ಹಾಡುಗಳು ಇವರಿಬ್ಬರ ಮುದ್ರಿಕೆಗಳಿಂದ 1950ರ ದಶಕದಲ್ಲಿ ಜನರ ಮನೆಯೊಳಕ್ಕೆ ಬಂದವು.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಜನ ಈ ಹಾಡುಗಳನ್ನು ಕೇಳಬೇಕು ಎನ್ನಲು ನನಗೆ ಬಲವಾದ ಕಾರಣವಿದೆ. ಒಂದು ಕೊರಳು, ಮೀಟುವ ಒಂದು ವಾದ್ಯ, ಎದುರಿಗೆ ಕೂತ ಕೆಲವರು: ಇಷ್ಟರಲ್ಲೇ ನಿಲ್ಲುವ ಹಾಡಿನ ಕಲೆ ಈ ಸೀಮೆಯಲ್ಲೂ ಇದೆ, ಇನ್ನೂ ಬದುಕಿದೆ. ಇಂಗ್ಲೆಂಡಿನಲ್ಲಿ ಅದು ಸತ್ತಿತ್ತು. ಸತ್ತದ್ದನ್ನು ಅವರು ಹೇಗೆ ಎಬ್ಬಿಸಿದರು ಎಂಬುದು, ಬದುಕಿರುವುದನ್ನು ಕೈಜಾರಿ ಬಿಡುತ್ತಿರುವ ನಮಗೆ ತಿಳಿದಿರಬೇಕು.

ಡೆಲ್ಲರ್ ಹುಟ್ಟಿದ್ದು 1912ರಲ್ಲಿ, ಕೆಂಟ್ ಪ್ರಾಂತ್ಯದ ಕಡಲ ತೀರದ ಊರು ಮಾರ್ಗೇಟ್‌ನಲ್ಲಿ. ಸಂಗೀತ ಶಾಲೆಯಲ್ಲಿ ಕಲಿತವರಲ್ಲ. ಚಿಕ್ಕಂದಿನಲ್ಲಿ ಚರ್ಚಿನ ಹುಡುಗರ ಮೇಳದಲ್ಲಿ ಹಾಡುತ್ತಿದ್ದರು; ಗಂಟಲು ಒಡೆದ ಮೇಲೂ ಮೇಲಿನ ಸ್ಥಾಯಿಯನ್ನು ಬಿಡದೆ ತಮಗೆ ತಾವೇ ಸಾಧಿಸಿಕೊಂಡರು. ಪೀಠೋಪಕರಣದ ಅಂಗಡಿಯಲ್ಲಿ ಕೆಲಸ ಮಾಡಿದರು. ಯುದ್ಧ ಬಂದಾಗ ಕೋವಿ ಹಿಡಿಯಲು ಒಪ್ಪದೆ ಹೊಲಗೆಲಸಕ್ಕೆ ಹೋದರು; ಹೊಲಗೆಲಸದ ಜತೆಗೇ ಕ್ಯಾಂಟರ್‌ಬರಿ ಕೆಥೆಡ್ರಲ್‌ನ ಮೇಳದಲ್ಲಿ ಹಾಡು. 1942ರಲ್ಲಿ ಜರ್ಮನ್ ಬಾಂಬುಗಳು ಆ ಊರಿನ ದೊಡ್ಡ ಭಾಗವನ್ನು ಸುಟ್ಟಿದ್ದವು. ಅದರ ಮರುವರ್ಷ ಸಂಗೀತಕಾರ ಮೈಕೆಲ್ ಟಿಪೆಟ್ ಅಲ್ಲಿಗೆ ಬಂದು ಡೆಲ್ಲರ್ ಹಾಡಿದ್ದನ್ನು ಕೇಳಿದರು. ಟಿಪೆಟ್ ಕೂಡ ಯುದ್ಧಕ್ಕೆ ಒಪ್ಪದೆ ಅದೇ ವರ್ಷ ಸೆರೆಮನೆ ಕಂಡವರು. ಹದಿನೇಳನೇ ಶತಮಾನದ ಇಂಗ್ಲಿಷ್ ಸಂಗೀತಕಾರ ಹೆನ್ರಿ ಪರ್ಸೆಲ್ ಯಾವ ದನಿಗಾಗಿ ಬರೆದಿದ್ದನೋ ಆ ದನಿ ತಮ್ಮೆದುರಿಗೆ ನಿಂತಿದೆ ಎಂದು ಅವರು ಕಂಡುಕೊಂಡರು, ಲಂಡನ್ನಿನ ಮಾರ್ಲಿ ಕಾಲೇಜಿನ ವೇದಿಕೆಗೆ ಕರೆತಂದರು. 1946ರ ಸೆಪ್ಟೆಂಬರ್‌ನಲ್ಲಿ ಬಿಬಿಸಿಯ ಥರ್ಡ್ ಪ್ರೋಗ್ರಾಂ ಶುರುವಾದ ರಾತ್ರಿಯೇ ಆ ದನಿ ರೇಡಿಯೊದಲ್ಲಿ ನಾಡಿಗೆಲ್ಲ ಕೇಳಿಸಿತು.

ಈ ಎತ್ತರದ ದನಿ ಹುಟ್ಟಿನಿಂದ ಬಂದ ವಿಚಿತ್ರವೂ ಅಲ್ಲ, ಶಸ್ತ್ರಚಿಕಿತ್ಸೆಯಿಂದ ಬಂದದ್ದೂ ಅಲ್ಲ. ಮಾತಾಡುವಾಗ ಡೆಲ್ಲರ್‌ದು ಗಂಡಸಿನ ತಗ್ಗು ದನಿಯೇ. ಹಾಡುವಾಗ ಗಂಟಲಿನ ಧ್ವನಿತಂತುಗಳು ಪೂರ್ತಿ ದಪ್ಪದಲ್ಲಿ ಕಂಪಿಸದೆ ತೆಳುವಾಗಿ ಚಾಚಿಕೊಂಡು ಅಂಚಿನಲ್ಲಷ್ಟೇ ಕಂಪಿಸುತ್ತವೆ. ಆಗ ಸ್ಥಾಯಿ ಏರುತ್ತದೆ. ಯಾವ ಗಂಡಸಾದರೂ ಹೀಗೆ ಒಂದು ಕೂಗು ಹಾಕಬಲ್ಲ. ಆ ದನಿಯಲ್ಲಿ ಮಾತು ಸ್ಪಷ್ಟವಾಗಿರಬೇಕು, ಉಸಿರು ಸೋರಬಾರದು, ಭಾವ ಕೃತಕವಾಗಬಾರದು ಎಂದರೆ ಮಾತ್ರ ವರ್ಷಗಟ್ಟಲೆ ದುಡಿಯಬೇಕು.

ನಮ್ಮ ಹಿರಿಯರಿಗೆ ಎತ್ತರದ ಗಂಡುದನಿ ಹೊಸತೇನಲ್ಲ. ವೃತ್ತಿ ನಾಟಕ ಕಂಪನಿಗಳ ಕಾಲದಲ್ಲಿ ಸ್ತ್ರೀ ಪಾತ್ರಧಾರಿ ಗಂಡಸರು ಹಾರ್ಮೋನಿಯಂನ ಮೇಲಿನ ಮನೆಗಳಲ್ಲಿ ಹಾಡಿದ್ದನ್ನು ಕೇಳಲು ಜನ ರಾತ್ರಿಯಿಡೀ ಕೂರುತ್ತಿದ್ದರು. ಹುಬ್ಬಳ್ಳಿ ಧಾರವಾಡದ ಕಡೆ ಬಾಲಗಂಧರ್ವರ ಹಾಡಿಗೆ ಮರುಳಾದವರು ಎಷ್ಟು ಮಂದಿ! ಮೈಕು ಇಲ್ಲದ ಬಯಲಿನಲ್ಲಿ ಮೂಡಲಪಾಯದ ಭಾಗವತರು, ವೇಷಧಾರಿಗಳು ಕೊನೆಯ ಸಾಲಿನವರಿಗೂ ಪದ ಮುಟ್ಟಿಸಲು ಏರುಶ್ರುತಿಯಲ್ಲೇ ಹಾಡಬೇಕಿತ್ತು. ಮೈಕು ಬಂದ ಮೇಲೆ ಗಂಡಿನ ಹಾಡು ಕೆಳಗಿಳಿಯಿತು. ಮೆತ್ತಗೆ ಹಾಡುವುದೇ ಗಂಡಸಿನ ಹಾಡು ಎಂದು ನಮ್ಮ ಕಿವಿ ಕಲಿತುಕೊಂಡಿತು. ಡೆಲ್ಲರ್ ದನಿಗೆ ಇವತ್ತಿನ ತರುಣನೊಬ್ಬ ಹುಬ್ಬೇರಿಸಿದರೆ, ಅವನ ಮುತ್ತಜ್ಜ ಹಾಗೆ ಮಾಡುತ್ತಿರಲಿಲ್ಲ ಎಂದೇ ನನ್ನ ನಂಬಿಕೆ.

ಇನ್ನು ಹಾಡುಗಳು. 1597ರಲ್ಲಿ ಜಾನ್ ಡೌಲಂಡ್ ಎಂಬ ಲ್ಯೂಟ್ ವಾದಕ ಲಂಡನ್ನಿನಲ್ಲಿ ತನ್ನ ಮೊದಲ ಹಾಡುಪುಸ್ತಕ ಅಚ್ಚು ಹಾಕಿಸಿದ. ಅದು ಎಷ್ಟು ಖರ್ಚಾಯಿತೆಂದರೆ ಮತ್ತೆ ಮತ್ತೆ ಮುದ್ರಣ ಕಂಡಿತು. ಆಮೇಲಿನ ಇಪ್ಪತ್ತೈದು ವರ್ಷ ಇಂಥ ಪುಸ್ತಕಗಳ ಸುಗ್ಗಿ. ವೈದ್ಯನೂ ಕವಿಯೂ ಆಗಿದ್ದ ಥಾಮಸ್ ಕ್ಯಾಂಪಿಯನ್ ತನ್ನ ಪದ್ಯಗಳಿಗೆ ತಾನೇ ರಾಗ ಹಾಕಿ ಪ್ರಕಟಿಸಿದ. ಷೇಕ್ಸ್‌ಪಿಯರನ ‘ಟೆಂಪೆಸ್ಟ್’ ನಾಟಕದ ಹಾಡುಗಳಿಗೆ ರಾಬರ್ಟ್ ಜಾನ್ಸನ್ ರಾಗ ಕೂರಿಸಿದ. ಡೌಲಂಡನ ಪುಸ್ತಕವನ್ನು ಅಚ್ಚು ಹಾಕಿದ ರೀತಿಯನ್ನು ನೋಡಬೇಕು. ಬಿಚ್ಚಿ ಮೇಜಿನ ಮೇಲೆ ಇಟ್ಟರೆ ಒಂದು ಸಾಲು ನಮ್ಮ ಕಡೆಗೆ, ಇನ್ನೊಂದು ಬಲಗಡೆಯವರ ಕಡೆಗೆ, ಮತ್ತೊಂದು ಎದುರಿಗೆ ಕೂತವರ ಕಡೆಗೆ ಮುಖಮಾಡಿ ಅಚ್ಚಾಗಿದೆ. ಒಂದೇ ಪುಸ್ತಕದ ಸುತ್ತ ಮನೆಮಂದಿ ಕೂತು ಹಾಡಬಹುದು; ಒಬ್ಬರೇ ಹಾಡಿ ಲ್ಯೂಟ್ ಮೀಟಿದರೂ ಹಾಡು ಪೂರ್ಣ.

ಅದರ ಲ್ಯೂಟ್ ಭಾಗವನ್ನು ಬರೆದಿರುವುದು ಸ್ವರಲಿಪಿಯಲ್ಲಿ ಅಲ್ಲ. ಆರು ಗೆರೆಗಳು, ಒಂದೊಂದು ಗೆರೆ ಒಂದೊಂದು ತಂತಿಗೆ. ಗೆರೆಯ ಮೇಲೆ ಅಕ್ಷರ. ಮೊದಲ ಅಕ್ಷರವಿದ್ದರೆ ತಂತಿಯನ್ನು ಒತ್ತದೆ ಬಿಟ್ಟು ಮೀಟು, ಎರಡನೆಯದಿದ್ದರೆ ಮೊದಲ ಮೆಟ್ಟಿಲಿನಲ್ಲಿ ಒತ್ತು, ಹೀಗೆ. ಕಿವಿಗೆ ಏನು ಕೇಳಿಸಬೇಕೆಂದು ಹೇಳುವ ಬದಲು ಬೆರಳು ಎಲ್ಲಿರಬೇಕೆಂದು ಹೇಳುವ ಲಿಪಿ. ಮುನ್ನೂರು ವರ್ಷ ಗುರುವಿಲ್ಲದೆ, ಶಿಷ್ಯನಿಲ್ಲದೆ ಬಿದ್ದಿದ್ದರೂ ಆ ಪುಟದ ಮುಂದೆ ಲ್ಯೂಟ್ ಹಿಡಿದು ಕೂತವನ ಬೆರಳು ಡೌಲಂಡನ ಬೆರಳು ಹೋದ ಜಾಗಕ್ಕೇ ಹೋಗುತ್ತದೆ. ನಮ್ಮ ದಾಸರ ಪದಗಳ ಮಾತು ಉಳಿಯಿತು, ಧಾಟಿ ಹೋಯಿತು. ಇವತ್ತು ಕಛೇರಿಗಳಲ್ಲಿ ಕೇಳುವ ರಾಗಗಳಲ್ಲಿ ಬಹುಪಾಲು ಆಮೇಲಿನವರು ಕೂರಿಸಿದ್ದು. ಪುರಂದರದಾಸರು ತಂಬೂರಿ ಮೀಟಿ ಹಾಡಿದ್ದು ಹೇಗೆಂದು ಹೇಳುವ ಒಂದು ಹಾಳೆ ನಮ್ಮಲ್ಲಿ ಉಳಿದಿದ್ದರೆ ಎಂದು ಈ ಇಂಗ್ಲಿಷ್ ಪುಟಗಳನ್ನು ನೋಡುವಾಗೆಲ್ಲ ನನ್ನ ಜೀವ ಹಂಬಲಿಸುತ್ತದೆ.

ಡೌಲಂಡನ ಎಲ್ಲಕ್ಕಿಂತ ಹೆಸರಾದ ಹಾಡು ‘ಫ್ಲೋ ಮೈ ಟಿಯರ್ಸ್’ 1600ರ ಎರಡನೇ ಪುಸ್ತಕದಲ್ಲಿದೆ. ಕಣ್ಣೀರಿನ ಹಾಡು. ಕೊರಳು ಮೊದಲ ಹೆಜ್ಜೆಗೇ ನಾಲ್ಕು ಸ್ವರ ಇಳಿಯುತ್ತದೆ: ಮೇಲಿನ ಷಡ್ಜ, ಕೈಶಿಕಿ ನಿಷಾದ, ಶುದ್ಧ ಧೈವತ, ಪಂಚಮ. ಭೈರವಿಯ ಅವರೋಹಣ ಗೊತ್ತಿರುವ ಯಾರೂ ಇದನ್ನು ಪರಕೀಯ ಎನ್ನಲಾರರು. ಇಳಿದ ಮೇಲೆ ನಡೆ ಬೇರೆಯಾಗುತ್ತದೆ, ಲ್ಯೂಟ್‌ನ ಒಳದನಿಗಳು ಕೊರಳನ್ನು ನಮ್ಮ ರಾಗಗಳು ಹೋಗದ ಕಡೆಗೆ ಒಯ್ಯುತ್ತವೆ. ಆದರೂ ಆ ಮೊದಲ ಇಳಿತದಲ್ಲಿ ಡೆಲ್ಲರ್ ಗಮಕವಿಲ್ಲದೆ, ಬರಿಯ ಉಸಿರಿನ ಹಿಡಿತದಿಂದ ಒಂದೊಂದು ಸ್ವರವನ್ನೂ ಮುಂದಿನದಕ್ಕೆ ಒಪ್ಪಿಸುವುದನ್ನು ಸಂಗೀತ ಕಲಿಯುವ ನಮ್ಮ ಮಕ್ಕಳು ಕೇಳಿಸಿಕೊಳ್ಳಬೇಕು.

ಅದೇ ಹೊತ್ತಿನಲ್ಲಿ ಇಲ್ಲಿ ಏನು ನಡೆಯುತ್ತಿತ್ತು? ಜಗದೇವರಾಯ ಚನ್ನಪಟ್ಟಣದ ಕೋಟೆ ಕಟ್ಟಿಸಿದ್ದು 1580ರಲ್ಲಿ, ಡೌಲಂಡನಿಗೆ ಹದಿನೇಳು ತುಂಬುವ ಹೊತ್ತಿಗೆ. ಲ್ಯೂಟ್ ಹಾಡುಪುಸ್ತಕಗಳ ಕಾಲ ಮುಗಿದ ಕೆಲವೇ ವರ್ಷದಲ್ಲಿ, 1630ರಲ್ಲಿ, ಆ ಕೋಟೆ ಮೈಸೂರಿನ ಚಾಮರಾಜ ಒಡೆಯರ ವಶವಾಯಿತು. 1638ರಲ್ಲಿ ಬೆಂಗಳೂರು ಬಿಜಾಪುರದ ಪಾಲಾದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ಸಾವನದುರ್ಗದ ಬೆಂಬಲದಲ್ಲಿ ಆಳಿತು. ಅದಕ್ಕೂ ಮೊದಲೇ ಚನ್ನಪಟ್ಟಣದ ಪಕ್ಕದ ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಮಠವಿತ್ತು. ಅವರ ಶಿಷ್ಯ ವ್ಯಾಸರಾಯರು ಪುರಂದರದಾಸರಿಗೂ ಕನಕದಾಸರಿಗೂ ಗುರು, ತಾವೇ ಪದ ಕಟ್ಟಿದವರು. ದೊಡ್ಡಮಳೂರಿನ ಅಂಬೆಗಾಲು ಕೃಷ್ಣನೆದುರು ಪುರಂದರದಾಸರು ಹಾಡಿದರೆಂಬ ಪ್ರತೀತಿ ಇಂದಿಗೂ ಆ ಊರಲ್ಲಿದೆ. ಮೀಟಿ ಹಾಡುವ ಪದ್ಧತಿ ಈ ನೆಲಕ್ಕೆ ಹೊರಗಿನಿಂದ ಬರಬೇಕಾಗಿರಲಿಲ್ಲ.

ಲ್ಯೂಟ್ ಹಾಡಿನ ಕೊನೆಯ ಪುಸ್ತಕ ಬಂದದ್ದು 1622ರಲ್ಲಿ. 1676ರ ಹೊತ್ತಿಗೆ ಕೇಂಬ್ರಿಡ್ಜಿನ ಥಾಮಸ್ ಮೇಸ್ ಎಂಬ ಹಾಡುಗಾರ ಲ್ಯೂಟ್‌ಗೆ ಒದಗಿದ ಗತಿಯನ್ನು ಕಂಡು ದೊಡ್ಡ ಪುಸ್ತಕವೊಂದನ್ನು ಬರೆದ. ಆ ಹೊತ್ತಿಗೆ ಅವನಿಗೆ ಕಿವಿ ಮಂದವಾಗಿತ್ತು. ಲ್ಯೂಟ್‌ನ ಮೈ ಕಾಗದದಷ್ಟು ತೆಳುವಾದ ಮರದ ಪಟ್ಟಿಗಳನ್ನು ಅಂಟಿಸಿ ಮಾಡಿದ್ದು, ತಂತಿಗಳು ಕುರಿಯ ಕರುಳಿನವು. ತೇವ ತಗಲಿದರೆ ಅಂಟು ಬಿಡುತ್ತದೆ, ತಂತಿ ಸಡಿಲವಾಗುತ್ತದೆ. ಆದ್ದರಿಂದ ಹಗಲು ಹೊತ್ತು ಲ್ಯೂಟನ್ನು ದಿನಾ ಮಲಗುವ ಹಾಸಿಗೆಯಲ್ಲಿ ಕಂಬಳಿಯ ಒಳಗೆ ಮಲಗಿಸಿಡಿ ಎಂದು ಮೇಸ್ ಹೇಳುತ್ತಾನೆ. ವಾದ್ಯವನ್ನು ಹೀಗೆ ಕೂಸಿನಂತೆ ಕಾದವನ ಪುಸ್ತಕವೂ ಕಾಲವನ್ನು ತಡೆಯಲಿಲ್ಲ. ಪರ್ಸೆಲ್ 1695ರಲ್ಲಿ ತೀರಿಕೊಂಡ. ಆಮೇಲೆ ದೊಡ್ಡ ಸಭಾಂಗಣ, ದೊಡ್ಡ ಮೇಳ, ದೊಡ್ಡ ದನಿ. ಲ್ಯೂಟ್ ಕೇಳಬೇಕೆಂದರೆ ಹತ್ತಿರ ಕೂರಬೇಕು. ಹತ್ತಿರ ಕೂರುವವರು ಇಲ್ಲವಾದಾಗ ಅದು ಸುಮ್ಮನಾಯಿತು.

ಮತ್ತೆ ಎಬ್ಬಿಸಿದವರು ಕೆಲವೇ ಜನ. ಫ್ರಾನ್ಸಿನಲ್ಲಿ ಹುಟ್ಟಿ ಇಂಗ್ಲೆಂಡಿಗೆ ಬಂದ ಆರ್ನಲ್ಡ್ ಡಾಲ್ಮೆಚ್ 1893ರಲ್ಲಿ ತಾನೇ ಒಂದು ಲ್ಯೂಟ್ ಮಾಡಿದ. ಅವನ ಬಳಿ ಕಲಿತ ಡಯಾನಾ ಪೋಲ್ಟನ್ ಬದುಕಿನುದ್ದಕ್ಕೂ ಡೌಲಂಡನ ಬೆನ್ನು ಹತ್ತಿ 1972ರಲ್ಲಿ ಅವನ ಜೀವನ ಚರಿತ್ರೆ ಬರೆದರು. ಡುಪ್ರೆ ಸೆಲ್ಲೊ, ಗಿಟಾರ್ ನುಡಿಸುತ್ತಿದ್ದವರು, ಡೆಲ್ಲರ್ ಜತೆಗಾಗಿ ಲ್ಯೂಟ್ ಹಿಡಿದರು. ಮರಗೆಲಸ ಬಲ್ಲವನೊಬ್ಬ, ಹಳೆಯ ಹಾಳೆ ಓದಬಲ್ಲವಳೊಬ್ಬಳು, ಹಾಡಬಲ್ಲವನೊಬ್ಬ, ಮೀಟಬಲ್ಲವನೊಬ್ಬ. ಇವರ ಬೆನ್ನಿಗೆ ಮುದ್ರಿಕೆ ನಿಂತಿತು: ಕಾರಿನ ಸದ್ದಿರದ ಕೊಠಡಿಯಲ್ಲಿ, ಹತ್ತಿರ ಇಟ್ಟ ಮೈಕಿನ ಮುಂದೆ ಹಾಡಿದ್ದನ್ನು ಸಾವಿರ ಮೈಲಿಯಾಚೆ ಒಬ್ಬನೇ ಕೂತು ಕೇಳಬಹುದು. ಸಭಾಂಗಣ ಕಸಿದುಕೊಂಡ ಹತ್ತಿರವನ್ನು ಗ್ರಾಮಫೋನು ವಾಪಸು ಕೊಟ್ಟಿತು. ಡೆಲ್ಲರ್‌ನ ಮೊದಲ ಮುದ್ರಿಕೆಗಳು ಎಪ್ಪತ್ತೆಂಟು ಸುತ್ತಿನ ತಟ್ಟೆಗಳು. ಅಂಥ ತಟ್ಟೆಗಳನ್ನು ಮಾಡುತ್ತಿದ್ದುದು ಅರಗಿನಿಂದ, ಜಗತ್ತಿನ ಅರಗಿನ ಬಹುಪಾಲು ಹೋಗುತ್ತಿದ್ದುದು ಹಿಂದೂಸ್ಥಾನದಿಂದ. ಚನ್ನಪಟ್ಟಣದ ಕುಶಲಕರ್ಮಿ ತಿರುಗುವ ಆಲೆಮರದ ಬೊಂಬೆಗೆ ಒತ್ತಿ ಬಣ್ಣ ಏರಿಸುವುದೂ ಅದೇ ಅರಗಿನಿಂದಲೇ.

ಈಗ ಚನ್ನಪಟ್ಟಣದ ತಂತಿಗೆ ಬರುತ್ತೇನೆ. ಚನ್ನಪಟ್ಟಣ ಎಂದರೆ ಬೊಂಬೆ ಎಂದು ಎಲ್ಲರಿಗೂ ಗೊತ್ತು. ಇನ್ನೂರು ವರ್ಷದ ಹಿಂದೆ ಆ ಊರಿಗೆ ಹೆಸರು ತಂದಿದ್ದ ಇನ್ನೊಂದು ಕಸುಬು ಸಂಗೀತ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದು. ಟಿಪ್ಪು ಸುಲ್ತಾನ್ ಬಿದ್ದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯ ಸಮೀಕ್ಷೆಗೆ ಕಂಪನಿ ಸರ್ಕಾರ ಕಳಿಸಿದ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲೇ ಶ್ರೀರಂಗಪಟ್ಟಣಕ್ಕೆ ಹೋದ. ಚನ್ನಪಟ್ಟಣದ ತಂತಿಗೆ ಭಾರಿ ಬೆಲೆಯಿದೆ, ಅದು ಹಿಂದೂಸ್ಥಾನದ ದೂರದ ಪ್ರಾಂತ್ಯಗಳಿಗೂ ಹೋಗುತ್ತದೆ ಎಂದು ಅವನು ಗುರುತು ಹಾಕಿಕೊಂಡಿದ್ದಾನೆ. ಮಾಗಡಿಯ ಕಡೆ ಕಪ್ಪು ಮರಳಿನಿಂದ ಕಬ್ಬಿಣ ಕರಗಿಸುತ್ತಿದ್ದುದನ್ನೂ ಅವನು ಬರೆದಿಟ್ಟಿದ್ದಾನೆ. ಮಳೆನೀರು ಗುಡ್ಡದಿಂದ ತಂದು ಹಾಕಿದ ಮರಳು ಅದು. ಅವನ ಪುಸ್ತಕ ಲಂಡನ್ನಿನಲ್ಲಿ 1807ರಲ್ಲಿ ಅಚ್ಚಾಯಿತು. ಸುಮಾರು ತೊಂಬತ್ತು ವರ್ಷ ಬಿಟ್ಟು ಲೂಯಿಸ್ ರೈಸ್ ಮೈಸೂರು ಗೆಜೆಟಿಯರ್ ಬರೆದಾಗಲೂ ಚನ್ನಪಟ್ಟಣದ ಹೆಸರಿನ ಜತೆ ಅರಗಿನ ಸಾಮಾನು, ಗಾಜಿನ ಬಳೆ, ವಾದ್ಯದ ಉಕ್ಕಿನ ತಂತಿ ಮೂರೂ ಬಂದವು.

ತಂತಿ ಎಳೆಯುವುದು ಸಣ್ಣ ಕೆಲಸವಲ್ಲ. ಉಕ್ಕಿನ ಸರಳನ್ನು ಕಾಯಿಸಿ ಬಡಿದು ಸಪೂರ ಮಾಡಬೇಕು. ಕಂಬಚ್ಚಿನ ದೊಡ್ಡ ತೂತಿನಲ್ಲಿ ತುದಿ ತೂರಿಸಿ ಎಳೆಯಬೇಕು, ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ಎಳೆದಷ್ಟೂ ಉಕ್ಕು ಬಿರುಸಾಗುತ್ತದೆ, ಬಿರುಸಾದದ್ದು ಪಟ್ಟೆಂದು ಹರಿಯುತ್ತದೆ. ನಡುನಡುವೆ ಕಾಯಿಸಿ ಮೆತ್ತಗಾಗಿಸಬೇಕು. ಆದರೆ ಕೊನೆಯಲ್ಲಿ ತಂತಿಗೆ ಬಿರುಸು ಬೇಕೇ ಬೇಕು, ಇಲ್ಲದಿದ್ದರೆ ಶ್ರುತಿ ನಿಲ್ಲುವುದಿಲ್ಲ. ಎಲ್ಲೋ ಒಂದು ಕಡೆ ಕೂದಲೆಳೆಯಷ್ಟು ದಪ್ಪ ಹೆಚ್ಚಾದರೂ ನಾದ ಸುಳ್ಳಾಗುತ್ತದೆ: ತೆರೆದು ಮೀಟಿದಾಗ ಸರಿಯಿದ್ದ ತಂತಿ ಮೆಟ್ಟಿಲ ಮೇಲೆ ಒತ್ತಿದಾಗ ಅಪಸ್ವರ ನುಡಿಯುತ್ತದೆ. ವೀಣೆಯ ಸಾರಣಿ, ಪಂಚಮ ತಂತಿಗಳು ಉಕ್ಕಿನವೇ. ಬೆರಳು ಅವನ್ನು ಪಕ್ಕಕ್ಕೆ ಎಳೆದು ಗಮಕ ತೆಗೆಯುವಾಗ ತಂತಿ ಹರಿಯದೆ ಹಿಗ್ಗಿ, ಬಿಟ್ಟಾಗ ಮೊದಲಿನ ಶ್ರುತಿಗೇ ಬಂದು ನಿಲ್ಲಬೇಕು. ಇಷ್ಟನ್ನೂ ಕೈಯಳತೆಯಲ್ಲಿ, ಕುಲುಮೆಯ ಬೆಂಕಿಯ ಬಣ್ಣ ನೋಡಿ ಸಾಧಿಸಿದವರು ನಮ್ಮ ಪಕ್ಕದೂರಿನವರು.

ಇದನ್ನು ಇಂಗ್ಲೆಂಡಿನ ಜತೆಗಿಟ್ಟು ನೋಡಿ. ಡೌಲಂಡನ ಮೊದಲ ಪುಸ್ತಕದ ಮುಖಪುಟದಲ್ಲೇ ಲ್ಯೂಟ್ ಜತೆಗೆ ಆರ್ಫೇರಿಯನ್ ಎಂಬ ವಾದ್ಯದ ಹೆಸರಿದೆ. ಅದರ ಶ್ರುತಿ ಲ್ಯೂಟ್‌ನದೇ, ಆದರೆ ತಂತಿ ಕರುಳಿನದಲ್ಲ, ಲೋಹದ್ದು. ಯುರೋಪಿನ ವಾದ್ಯಗಳಿಗೆ ಆಗ ಬಳಸುತ್ತಿದ್ದುದು ಹೆಚ್ಚಾಗಿ ಕಬ್ಬಿಣ, ಹಿತ್ತಾಳೆ. ಉಕ್ಕಿ‌ನ ತಂತಿ ಅಲ್ಲಿನ ಪಿಯಾನೊಗಳಿಗೆ ಬಂದದ್ದು ಹತ್ತೊಂಬತ್ತನೇ ಶತಮಾನದಲ್ಲಿ, ಬುಕನನ್ ಚನ್ನಪಟ್ಟಣದ ಕುಲುಮೆ ನೋಡಿಹೋದ ಮೇಲೆ. ಬರ್ಮಿಂಗ್‌ಹ್ಯಾಮ್, ನ್ಯೂರೆಂಬರ್ಗ್‌ಗಳಲ್ಲಿ ಯಂತ್ರದಿಂದ ಮೈಲಿಗಟ್ಟಲೆ ಎಳೆದ ತಂತಿಯ ಎದುರು ಕೈಕಸುಬು ನಿಲ್ಲುವುದು ಯಾವ ಊರಿಗೂ ಕಷ್ಟವೇ. ಬೊಂಬೆಗೆ ಸರ್ಕಾರದ ತರಬೇತಿ ಸಿಕ್ಕಿತು, ಭೌಗೋಳಿಕ ಗುರುತು ಸಿಕ್ಕಿತು, ಹೆದ್ದಾರಿಯ ಅಂಗಡಿಗಳು ಸಿಕ್ಕವು. ತಂತಿಗೆ ಒಂದು ನಾಮಫಲಕವೂ ಸಿಗಲಿಲ್ಲ.

ತಂತಿಯ ಮಾತು ಬಂದಾಗ ನನ್ನ ಮನಸ್ಸು ಹೋಗುವುದು ನೀಲಗಾರರ ಕಡೆಗೆ. ಮಂಟೇಸ್ವಾಮಿಯ ಒಕ್ಕಲು, ಹೆಚ್ಚಾಗಿ ದಲಿತ ಸಮುದಾಯದವರು. ದೀಕ್ಷೆ ಪಡೆದು ಧರೆಗೆ ದೊಡ್ಡವರ ಕಥೆ ಹಾಡುವವರು. ಒಂದು ಕೈಯಲ್ಲಿ ತಂಬೂರಿ, ಇನ್ನೊಂದರಲ್ಲಿ ಗಗ್ಗರ. ನಮ್ಮ ಕಡೆ ಜನ ಅವರನ್ನು ತಂಬೂರಿಯವರು ಎಂದೇ ಕರೆಯುವುದು. ಚಿಕ್ಕಲ್ಲೂರು, ಕಪ್ಪಡಿ, ಬೊಪ್ಪೇಗೌಡನಪುರಗಳು ಆ ಪರಂಪರೆಯ ಗದ್ದುಗೆಗಳು. ಕನಕಪುರ, ಚನ್ನಪಟ್ಟಣದ ಕಡೆಯಿಂದ ಜನ ತಲೆಮಾರುಗಳಿಂದ ಚಿಕ್ಕಲ್ಲೂರು ಜಾತ್ರೆಗೆ ಹೋಗುತ್ತಾರೆ. ರಾತ್ರಿಯಿಡೀ ಸಾಗುವ ಆ ಕಥೆಯಲ್ಲಿ ಸಿದ್ದಪ್ಪಾಜಿಯ ಸಾಲು ಬರುತ್ತದೆ. ನಿಡುಘಟ್ಟದ ಆಚಾರಿ ಮನೆಯ ಹುಡುಗ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನನ್ನಾಗಿ ಪಡೆಯುತ್ತಾನೆ. ಅವನೇ ಸಿದ್ದಪ್ಪಾಜಿಯಾಗಿ ಹಲಗೂರಿನ ಪಾಂಚಾಳರ ಮನೆಗೆ ಕಬ್ಬಿಣದ ಭಿಕ್ಷೆಗೆ ಹೋಗುತ್ತಾನೆ. ಅವರು ಕೊಡುವುದಿಲ್ಲ, ಪರೀಕ್ಷೆಗಳನ್ನು ಒಡ್ಡುತ್ತಾರೆ. ನಿಡುಘಟ್ಟ ಚನ್ನಪಟ್ಟಣ ದಾಟಿದರೆ ಸಿಗುವ ಊರು. ಹಲಗೂರು ಕನಕಪುರದಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿದೆ. ಕಬ್ಬಿಣ ಕರಗಿಸಿದ ಸೀಮೆ, ತಂತಿ ಎಳೆದ ಊರು, ಕಬ್ಬಿಣ ಬೇಡುವ ಕಥೆ, ಅದನ್ನು ಲೋಹದ ತಂತಿಯ ಮೇಲೆ ಹಾಡುವ ಕೊರಳು: ಎಲ್ಲವೂ ಒಂದು ದಿನದ ಪಯಣದೊಳಗೆ. ಹಳೆಯ ನೀಲಗಾರರ ತಂಬೂರಿಗೂ ಚನ್ನಪಟ್ಟಣದ ತಂತಿ ಏರಿದ್ದಿರಬೇಕು ಎಂದು ಊಹಿಸುವುದು ಅತಿಯಾಗದು.

ಈ ಹಾಡುಗಳನ್ನು ಉಳಿಸುವ ಕೆಲಸಕ್ಕೆ ಈ ಸೀಮೆಯಲ್ಲೇ ದೊಡ್ಡ ಅಡಿಪಾಯ ಬಿದ್ದಿದೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಹಳ್ಳಿಹಳ್ಳಿಗೆ ಟೇಪ್ ರೆಕಾರ್ಡರ್ ಹೊತ್ತೊಯ್ದು, ಇನ್ನೇನು ಹೋಗಿಯೇಬಿಡುತ್ತಾರೆ ಎನ್ನುವಂಥ ಹಿರಿಯರ ಕೊರಳನ್ನು ಹಿಡಿದಿಟ್ಟರು. ಬಾನಂದೂರು ಕೆಂಪಯ್ಯ, ಅಪ್ಪಗೆರೆ ತಿಮ್ಮರಾಜು ಅವರಂಥ ಗಾಯಕರು ಇಲ್ಲಿನ ಪದಗಳನ್ನು ವೇದಿಕೆಗೆ ತಂದರು. ನಾಗೇಗೌಡರ ಟೇಪುಗಳು ನಮಗೆ ಡೌಲಂಡನ ಹಾಳೆಗಳಿದ್ದ ಹಾಗೆ. ಮುಂದೆ ಯಾರಾದರೂ ಕಲಿಯಬೇಕೆಂದರೆ ಅಲ್ಲಿಗೇ ಹೋಗಬೇಕು.

ಆದರೆ ದಾಖಲೆ ಬೇರೆ, ಮುದ್ರಿಕೆ ಬೇರೆ. ದಾಖಲೆ ಮಾಡುವವನ ಗುರಿ ಹಾಡು ಕೈತಪ್ಪದಿರಲಿ ಎಂಬುದು. ನಾಯಿ ಬೊಗಳಿದರೂ, ಲಾರಿ ಹೋದರೂ ಅವನು ಟೇಪು ನಿಲ್ಲಿಸುವುದಿಲ್ಲ, ನಿಲ್ಲಿಸಲೂಬಾರದು. ಮುದ್ರಿಕೆಯ ಗುರಿ ಹಾಡುಗಾರನ ಅತ್ಯುತ್ತಮವನ್ನು ಕೇಳುಗನ ಮಗ್ಗುಲಿಗೆ ತಂದು ಕೂರಿಸುವುದು. ನಮ್ಮಲ್ಲಿ ಎರಡನೆಯದು ನಡೆದೇ ಇಲ್ಲ ಎನ್ನುವಷ್ಟು ಕಡಿಮೆ. ಮಾರುಕಟ್ಟೆಗೆ ಬಂದ ಜಾನಪದದ ಕ್ಯಾಸೆಟ್ಟು, ಸೀಡಿಗಳಲ್ಲಿ ತಂಬೂರಿ ಕೇಳಿಸುವುದು ಮೊದಲ ಅರ್ಧ ನಿಮಿಷ. ಆಮೇಲೆ ಕೀಬೋರ್ಡು ಬರುತ್ತದೆ, ರಿದಂ ಪ್ಯಾಡು ಬರುತ್ತದೆ, ಕೊರಳಿಗೆ ಪ್ರತಿಧ್ವನಿಯ ಮುಸುಕು ಬೀಳುತ್ತದೆ. ಕಥೆ ನಿಧಾನಿಸಬೇಕಾದ ಕಡೆ ತಾಳದ ಯಂತ್ರ ನಿಧಾನಿಸುವುದಿಲ್ಲ. ಹಾಡುಗಾರ ಉಸಿರು ಎಳೆದುಕೊಳ್ಳುವ ಜಾಗವನ್ನೂ ಯಾವುದೋ ವಾದ್ಯ ತುಂಬಿಬಿಡುತ್ತದೆ. ನೀಲಗಾರರ ಹಾಡಿನ ಜೀವ ಇರುವುದು ಆ ಜಾಗದಲ್ಲೇ. ಕೊರಳು ಸಾಲು ಮುಗಿಸಿ ಬಿಟ್ಟಾಗ ತಂಬೂರಿಯ ನಾದ ಒಂಟಿಯಾಗಿ ಉಳಿಯುತ್ತದೆ, ಗಗ್ಗರ ಒಂದು ಸಲ ಝಲ್ಲೆನ್ನುತ್ತದೆ, ಹಿಮ್ಮೇಳದವನು ಹೂಂಗುಡುತ್ತಾನೆ, ಕಥೆ ಮುಂದಕ್ಕೆ ಹೋಗುತ್ತದೆ. ಡೆಲ್ಲರ್ ಹಾಡಿನ ಹಿಂದೆ ಯಾರಾದರೂ ಡ್ರಮ್ ಬಾರಿಸಿದ್ದರೆ ಡೌಲಂಡ್ ಇನ್ನೊಮ್ಮೆ ಸಾಯುತ್ತಿದ್ದ. ನಮ್ಮ ಕಥೆಗಾರರಿಗೆ ನಾವು ಅದನ್ನೇ ಮಾಡುತ್ತಿದ್ದೇವೆ, ಅದೂ ಅವರು ಎದುರಿಗೆ ಕೂತಿರುವಾಗ.

ದುಡ್ಡು ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಕೊಟ್ಟವರು ನಮ್ಮ ರಾಜ್ಯದವರೇ. ಜಯಚಾಮರಾಜ ಒಡೆಯರಿಗೆ ಪಾಶ್ಚಾತ್ಯ ಸಂಗೀತದಲ್ಲಿ ಆಳವಾದ ವ್ಯುತ್ಪತ್ತಿ; ಕರ್ನಾಟಕ ಸಂಗೀತದಲ್ಲಿ ತೊಂಬತ್ತಕ್ಕೂ ಹೆಚ್ಚು ಕೃತಿ ರಚಿಸಿದ ವಾಗ್ಗೇಯಕಾರರೂ ಅವರು. ನಿಕೊಲಾಯ್ ಮೆಡ್ಟ್ನರ್ ಎಂಬ ರಷ್ಯನ್ ಸಂಗೀತಕಾರ ಲಂಡನ್ನಿನಲ್ಲಿ ಕಾಯಿಲೆ, ಬಡತನಗಳಲ್ಲಿದ್ದಾಗ ಅವರ ಕೃತಿಗಳನ್ನು, ಹಾಡುಗಳನ್ನೂ ಸೇರಿಸಿ, ಎಚ್‌ಎಂವಿ ಕಂಪನಿಯಲ್ಲಿ ಮುದ್ರಿಸಲು ಹಣ ಕೊಟ್ಟವರು ಮೈಸೂರು ಮಹಾರಾಜರು. ಮೆಡ್ಟ್ನರ್ ತಮ್ಮ ಮೂರನೇ ಪಿಯಾನೊ ಕನ್‌ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದರು, 1951ರಲ್ಲಿ ತೀರಿಕೊಳ್ಳುವ ಮೊದಲು ತಮ್ಮ ಕೈಯಾರೆ ನುಡಿಸಿ ಮುದ್ರಿಸಿದರು. ಇವತ್ತು ಜಗತ್ತು ಮೆಡ್ಟ್ನರ್ ಕೈಯಿಂದಲೇ ಮೆಡ್ಟ್ನರ್‌ನನ್ನು ಕೇಳಬಲ್ಲದು ಎಂದರೆ ಆ ತಟ್ಟೆಗಳಿಂದ. 1950ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು ಮೊದಲ ಬಾರಿಗೆ ಸಭೆ ಕಂಡದ್ದಕ್ಕೂ ಹಣದ ಭರವಸೆ ಅವರದೇ. ಕಿರ್ಸ್ಟೆನ್ ಫ್ಲಾಗ್‌ಸ್ಟಾಡ್ ಹಾಡಿದ ಆ ಸಂಜೆಯನ್ನು ತಟ್ಟೆಗಳಲ್ಲಿ ಮುದ್ರಿಸಿ ಮೈಸೂರಿಗೆ ಕಳಿಸಲಾಯಿತು. ಡೆಲ್ಲರ್ ಅದೇ ಎಚ್‌ಎಂವಿಗೆ ಹಾಡತೊಡಗಿದ ಕಾಲವೇ ಇದು. ದೂರದ ರಷ್ಯನ್ನನಿಗೆ ಈ ರಾಜ್ಯದಿಂದ ಸಂದ ಮರ್ಯಾದೆ ಹಲಗೂರಿನ ಕಥೆ ಹಾಡುವವನಿಗೂ ಸಲ್ಲಲಿ ಎಂದು ಕೇಳುವುದು ದೊಡ್ಡ ಬೇಡಿಕೆಯಲ್ಲ. ಒಂದು ಮುದ್ರಿಕೆಗೆ ಬೇಕಾದ ಹಣ ಒಂದು ಉತ್ಸವದ ಶಾಮಿಯಾನದ ಖರ್ಚಿಗಿಂತ ಕಡಿಮೆ.

ಹೇಗೆ ಮಾಡಬೇಕು ಎಂದರೆ, ಮೊದಲು ಇಡೀ ಕಥೆಗೆ ಕೈಹಾಕಬಾರದು. ರಾತ್ರಿಯಿಡೀ ಹಾಡುವುದನ್ನು ಒಂದು ಗಂಟೆಗೆ ಕತ್ತರಿಸಿದರೆ ಅದು ಸಾರಾಂಶವಾಗುತ್ತದೆ. ಕಬ್ಬಿಣದ ಭಿಕ್ಷೆಯ ಸಾಲೊಂದನ್ನೇ ತೆಗೆದುಕೊಂಡು, ಅದು ಎಷ್ಟು ಹೊತ್ತು ಕೇಳುತ್ತದೋ ಅಷ್ಟು ಹೊತ್ತು ಕೊಡಬೇಕು. ಕಥೆಗಾರರು ಹಿಮ್ಮೇಳದವರ ಕಡೆ ತಿರುಗಿ ಹಾಡುವವರು. ಅವರನ್ನು ಗಾಜಿನ ಗೂಡಿನಲ್ಲಿ ಒಂಟಿಯಾಗಿ ಕೂರಿಸಿ ಕಿವಿಗೆ ಹೆಡ್‌ಫೋನ್ ಹಾಕಿದರೆ ಹಾಡು ಅಲ್ಲೇ ಒಣಗುತ್ತದೆ. ಹೆದ್ದಾರಿಯಿಂದ ದೂರದ ಒಂದು ಗಟ್ಟಿ ಗೋಡೆಯ ಮನೆ ಸಾಕು, ಎದುರಿಗೆ ಕಥೆ ಬಲ್ಲ ಹತ್ತು ಜನ, ಎರಡು ಒಳ್ಳೆಯ ಮೈಕು. ತಂಬೂರಿಗೆ ಹೊಸ ತಂತಿ, ಗಟ್ಟಿ ಬಿರಡೆ ಬೇಕು. ಬಿರಡೆ ತಿರುಗಿಸಿ ಕೊಡಬಲ್ಲ ಕೈಗಳು ಚನ್ನಪಟ್ಟಣದ ಪ್ರತಿ ಬೀದಿಯಲ್ಲಿವೆ. ಉಕ್ಕಿನ ತಂತಿ ಎಳೆಯುವುದನ್ನು ಮತ್ತೆ ಕಲಿಯಬಲ್ಲ ತರುಣರೂ ಅಲ್ಲೇ ಸಿಗುತ್ತಾರೆ, ಡಾಲ್ಮೆಚ್‌ಗೆ ಲ್ಯೂಟ್ ಮಾಡುವುದನ್ನು ಕಲಿಸಲು ಬದುಕಿದ್ದ ಗುರು ಯಾರಿದ್ದರು? ಹಾಡಿದವರ ಹೆಸರು ಮುಖಪುಟದಲ್ಲಿ ದೊಡ್ಡದಾಗಿ ಬರಬೇಕು, ಒಳಗಿನ ಹೊತ್ತಗೆಯಲ್ಲಿ ಪೂರ್ತಿ ಪದ ಅಚ್ಚಾಗಬೇಕು, ಮಾರಾಟದ ಪಾಲು ಹಾಡಿದವರ ಮನೆಗೆ ಹೋಗಬೇಕು.

ಹಾಡುವವರನ್ನು ಆರಿಸುವುದು ಕಚೇರಿಯಲ್ಲಿ ಕೂತು ಅರ್ಜಿ ಕರೆದು ಆಗುವ ಕೆಲಸವಲ್ಲ. ಪುಷ್ಯದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ ಸೇರುತ್ತದೆ, ಶಿವರಾತ್ರಿಯ ಹೊತ್ತಿಗೆ ಕಪ್ಪಡಿಯದು. ಚಂದ್ರಮಂಡಲ ಉರಿದ ಮೇಲೆ, ಜನ ಬಿಡಾರಗಳಲ್ಲಿ ಕೂತಿರುವಾಗ, ಯಾವ ನೀಲಗಾರರ ಸುತ್ತ ವಯಸ್ಸಾದವರು ಎದ್ದು ಹೋಗದೆ ಕೂತಿದ್ದಾರೆ ಎಂದು ನೋಡಬೇಕು. ಅವರ ಊರು ಕೇಳಿಕೊಂಡು, ಬಿತ್ತನೆ ಕುಯ್ಲು ಇಲ್ಲದ ದಿನ ನೋಡಿ ಅವರ ಮನೆಗೆ ಹೋಗಿ, ನಿಮ್ಮ ಕಥೆಯನ್ನು ನಿಮಗೆ ಒಪ್ಪುವ ಹಾಗೆ ಮುದ್ರಿಸೋಣವೇ ಸ್ವಾಮಿ ಎಂದು ಕೇಳಬೇಕು.